ಲಕೋಟೆ ಬಂದ ದಾರಿ: ಹಳೆಯ ಕಾಗದಗಳನ್ನು ಹೊರಗಿನಿಂದ ಓದುವ ಬಗೆ

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಟ್ರಂಕನ್ನು ಇಳಿಸಿದರೆ ಪಟ್ಟೆಸೀರೆ, ಜಾತಕ, ತೀರ್ವೆಯ ರಶೀದಿಗಳ ಅಡಿಯಲ್ಲಿ ಒಂದು ಕಟ್ಟು ಕಾಗದ ಸಿಗುವುದುಂಟು. ಮುಂಬಯಿಯ ಹೋಟೆಲುಗಳಿಂದ, ರಂಗೂನು, ಕೊಲಂಬೊ, ಸಿಂಗಾಪುರಗಳಿಂದ, ಏಡನ್ನಿನಿಂದ, ಆಮೇಲಿನ ಕಾಲದಲ್ಲಿ ಬಹರೈನ್, ಕುವೈತ್, ದುಬೈಗಳಿಂದ ಊರಿಗೆ ಬಂದ ಕಾಗದಗಳು ಅವು. ಮನೆ ಪಾಲಾಗುವಾಗ ಇವುಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗುತ್ತವೆ, ಇಲ್ಲವೇ ಬಚ್ಚಲ ಒಲೆಗೆ. ಉಳಿದವುಗಳಲ್ಲಿ ಒಂದಿಷ್ಟರ ಮೂಲೆಯನ್ನು ಯಾವುದೋ ಕಾಲದಲ್ಲಿ ಮಕ್ಕಳು ಕತ್ತರಿಸಿ, ಅಂಚೆಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಂಡು, ಆಲ್ಬಮ್ಮಿಗೆ ಅಂಟಿಸಿರುತ್ತಾರೆ. ಒಲೆಗೆ ಹಾಕಿದ್ದರಿಂದ ಆಗುವ ನಷ್ಟ ಎಲ್ಲರಿಗೂ ಗೊತ್ತಾಗುತ್ತದೆ. ಕತ್ತರಿಯಿಂದ ಆಗುವ ನಷ್ಟವೂ ಬಹಳ ಕಡಿಮೆಯದ್ದಲ್ಲ ಎಂಬುದನ್ನು ತಿಳಿಯಬೇಕಾದರೆ ಲಕೋಟೆಯೊಂದು ಏನೇನನ್ನು ದಾಖಲಿಸಿಕೊಂಡಿರುತ್ತದೆ ಎಂಬುದನ್ನು ನೋಡಬೇಕು.

ಅಂಚೆಚೀಟಿ ಸಂಗ್ರಹಿಸುವವರು ಚೀಟಿಯ ಚಿತ್ರ, ಬಣ್ಣ, ಅಂಚಿನ ತೂತುಗಳು, ಮುದ್ರಣದ ದೋಷ ಇವುಗಳನ್ನು ಗಮನಿಸುತ್ತಾರೆ. ಲಕೋಟೆ ಸಂಗ್ರಹಿಸುವವರ ಪ್ರಶ್ನೆಗಳು ಬೇರೆ. ಕಾಗದ ಎಲ್ಲಿಂದ ಹೊರಟಿತು, ಯಾವ ದಾರಿಯಾಗಿ ಬಂತು, ಅದಕ್ಕೆ ತಗಲಿದ ದರವೆಷ್ಟು, ಆ ದರವನ್ನು ಕೊಟ್ಟವರು ಕಳುಹಿಸಿದವರೋ ಪಡೆದವರೋ, ನಡುವೆ ಯಾರಾದರೂ ಅದನ್ನು ತಡೆದರೇ, ಒಡೆದರೇ, ತಪ್ಪು ಊರಿಗೆ ಕಳುಹಿಸಿದರೇ? ಈ ಪ್ರಶ್ನೆಗಳಿಗೆ ಉತ್ತರ ಚೀಟಿಯೊಂದರಲ್ಲಿ ಸಿಗುವುದಿಲ್ಲ. ಚೀಟಿ, ಅದರ ಮೇಲಿನ ಠಸ್ಸೆ, ವಿಳಾಸ, ಹಿಂಬದಿಯ ಠಸ್ಸೆಗಳು, ಅಂಚೆಯವರು ಪೆನ್ಸಿಲಿನಲ್ಲಿ ಗೀಚಿದ ಅಂಕೆಗಳು ಒಟ್ಟಿಗೆ ಇದ್ದಾಗ ಮಾತ್ರ ಉತ್ತರ ಮೂಡುತ್ತದೆ. ಈ ಅಭ್ಯಾಸಕ್ಕೆ ಅಂಚೆ ಇತಿಹಾಸ ಎಂಬ ಹೆಸರಿದೆ. ಹೆಸರು ದೊಡ್ಡದಾಯಿತೆನ್ನಿಸಬಹುದು, ಕೆಲಸ ಮಾತ್ರ ಒಂದು ಭೂತಗನ್ನಡಿ, ಒಂದು ಕ್ಯಾಲೆಂಡರು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಯಾರೂ ಮಾಡಬಹುದಾದದ್ದು.

ಒಂದು ಉದಾಹರಣೆಯನ್ನು ತುಸು ಹತ್ತಿರದಿಂದ ನೋಡೋಣ. ನನ್ನ ಸಂಗ್ರಹದಲ್ಲಿ ಕುಂಬಳೆ ಪೇಟೆಯ ಒಂದು ಅಂಗಡಿಗೆ 1955ರಲ್ಲಿ ಬಂದ ಲಕೋಟೆಯಿದೆ. ಮೇಲ್ಬದಿಯ ಬಲಮೂಲೆಯಲ್ಲಿ ಎಳೆಯ ವಯಸ್ಸಿನ ಎಲಿಜಬೆತ್ ರಾಣಿಯ ಮುಖವಿರುವ ನೇರಳೆ ಛಾಯೆಯ ಬ್ರಿಟಿಷ್ ಚೀಟಿ. ಆರು ಪೆನ್ನಿಯ ಆ ಚೀಟಿಯ ಮೇಲೆ ಕಪ್ಪು ಶಾಯಿಯಲ್ಲಿ ‘6 ಆಣೆ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಠಸ್ಸೆ ದುಬೈಯದು. ವಿಳಾಸದ ಕೊನೆಯ ಸಾಲು ‘ಎಸ್. ಕೆನರಾ, ಇಂಡಿಯಾ’. ಹಿಂಬದಿಯಲ್ಲಿ ಮುಂಬಯಿಯ ಒಂದು ಠಸ್ಸೆ, ಅದಕ್ಕೆ ತಾಗಿ ಕುಂಬಳೆಯದು. ನಡುಮಧ್ಯದಲ್ಲಿ ಒಂದು ತೂತು: ಅಂಗಡಿಯ ಗೋಡೆಯಲ್ಲಿ ತೂಗುತ್ತಿದ್ದ ಕೊಕ್ಕೆಕಂಬಿಗೆ ಚುಚ್ಚಿದ್ದು. ಅಂದವನ್ನು ಮಾತ್ರ ನೋಡುವ ಸಂಗ್ರಾಹಕರಿಗೆ ಆ ತೂತು ದೋಷ; ಕಾಗದವು ನಿಜವಾಗಿ ಒಂದು ಅಂಗಡಿಯ ವ್ಯವಹಾರದಲ್ಲಿ ಇತ್ತೆಂಬುದಕ್ಕೆ ನನಗೆ ಅದೇ ಸಾಕ್ಷಿ.

ದುಬೈಯಿಂದ ಬಂದ ಕಾಗದಕ್ಕೆ ಬ್ರಿಟನ್ನಿನ ಚೀಟಿ ಏಕೆ, ಬ್ರಿಟನ್ನಿನ ಚೀಟಿಗೆ ಆಣೆಯ ಬೆಲೆ ಏಕೆ ಎಂಬ ಎರಡು ಪ್ರಶ್ನೆಗಳು ನಮ್ಮನ್ನು ಕೊಲ್ಲಿಯ ಅಂಚೆಯ ಚರಿತ್ರೆಗೆ ಕೊಂಡೊಯ್ಯುತ್ತವೆ. ಗಲ್ಫ್ ಎಂದೊಡನೆ 1970ರ ಅನಂತರದ ಕಾಲವೇ ನಮ್ಮ ಕಣ್ಣ ಮುಂದೆ ಬರುತ್ತದೆಯಾದರೂ ಆ ಕರಾವಳಿಯ ಅಂಚೆಯನ್ನು ಬಹುಕಾಲ ನಡೆಸಿದ್ದು ಬ್ರಿಟಿಷ್ ಭಾರತದ ಅಂಚೆ ಇಲಾಖೆ. ಮಸ್ಕತ್ತಿನಲ್ಲಿ 1864ರಲ್ಲಿ, ಬಹರೈನಿನಲ್ಲಿ 1884ರಲ್ಲಿ, ದುಬೈಯಲ್ಲಿ 1909ರಲ್ಲಿ, ಕುವೈತಿನಲ್ಲಿ 1915ರಲ್ಲಿ ಭಾರತೀಯ ಅಂಚೆ ಕಚೇರಿಗಳು ತೆರೆದವು. ಅಲ್ಲಿ ಮಾರುತ್ತಿದ್ದದ್ದು ನಮ್ಮಲ್ಲಿ ಮಾರುತ್ತಿದ್ದ ಅದೇ ಭಾರತೀಯ ಚೀಟಿಗಳನ್ನು. 1923ರಲ್ಲಿ ಕುವೈತಿನ ಹೆಸರನ್ನೂ 1933ರಲ್ಲಿ ಬಹರೈನಿನ ಹೆಸರನ್ನೂ ಆ ಚೀಟಿಗಳ ಮೇಲೆ ಅಚ್ಚೊತ್ತಲು ತೊಡಗಿದರು. ದುಬೈಗೆ ಆ ಭಾಗ್ಯವೂ ಇರಲಿಲ್ಲ. ಹೀಗಾಗಿ ದುಬೈಯಿಂದ 1930ರ ದಶಕದ ಮೊದಲ ಭಾಗದಲ್ಲಿ ಹೊರಟ ಕಾಗದದ ಮೇಲೆ ಐದನೆಯ ಜಾರ್ಜ್ ದೊರೆಯ ಸಾಮಾನ್ಯ ಭಾರತೀಯ ಚೀಟಿಯೇ ಇರುತ್ತದೆ, ಮತ್ತು ಅದನ್ನು ಕತ್ತರಿಸಿ ನೀರಿಗೆ ಹಾಕಿದರೆ ಕೈಗೆ ಸಿಗುವುದು ಎಲ್ಲೆಂದರಲ್ಲಿ ಸಿಗುವ ಚೀಟಿ ಮಾತ್ರ. ಅದು ದುಬೈಯಿಂದ ಬಂದದ್ದೆಂದು ಹೇಳುವ ದುಂಡನೆಯ ಠಸ್ಸೆಯ ಅರ್ಧಭಾಗ ಲಕೋಟೆಯ ಮೇಲೆ ಉಳಿದು ಕಸಕ್ಕೆ ಹೋಗಿರುತ್ತದೆ.

1947ರ ಅಕ್ಟೋಬರಿನಲ್ಲಿ ದುಬೈಯ ಕಚೇರಿ ಪಾಕಿಸ್ತಾನದ ಕೈಗೆ ಹೋಗಿ ಕೆಲವು ತಿಂಗಳು ಅಲ್ಲಿ ಪಾಕಿಸ್ತಾನದ ಚೀಟಿಗಳು ನಡೆದವು. 1948ರ ಏಪ್ರಿಲ್ 1ರಂದು ಬ್ರಿಟಿಷ್ ಅಂಚೆ ಅದನ್ನು ವಹಿಸಿಕೊಂಡಿತು. ಅಂಚೆ ಬ್ರಿಟನ್ನಿನದ್ದಾದರೂ ಪೇಟೆಯಲ್ಲಿ ಚಲಾವಣೆಯಲ್ಲಿದ್ದ ಹಣ ಭಾರತದ ರೂಪಾಯಿಯಾದ್ದರಿಂದ ಪೆನ್ನಿಯ ಚೀಟಿಗಳ ಮೇಲೆ ಆಣೆ, ರೂಪಾಯಿಗಳ ಬೆಲೆಯನ್ನು ಅಚ್ಚೊತ್ತಿ ಮಾರಬೇಕಾಯಿತು. ಭಾರತದಲ್ಲಿ 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಅಲ್ಲಿಯ ಚೀಟಿಗಳ ಮೇಲೂ ನಯಾ ಪೈಸೆಯ ಅಚ್ಚು ಬಂತು. ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟುಗಳನ್ನು 1959ರಲ್ಲಿ ಹೊರಡಿಸಿತು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಅದುವರೆಗೆ ರೂಪಾಯಿಯನ್ನು ಬಿಡದಿದ್ದ ಕೊಲ್ಲಿಯ ನಾಡುಗಳೂ ಅದರಿಂದ ಹೊರನಡೆದವು. ಈ ನಡುವೆ ಚೀಟಿಗಳೂ ಬದಲಾಗುತ್ತ ಹೋದವು: 1961ರಲ್ಲಿ ಖರ್ಜೂರದ ಮರಗಳೂ ಹಾಯಿಹಡಗೂ ಇರುವ ಟ್ರೂಶಿಯಲ್ ಸ್ಟೇಟ್ಸ್ (ದುಬೈ ಮತ್ತು ನೆರೆಯ ಸಂಸ್ಥಾನಗಳಿಗೆ ಅಂದು ಒಟ್ಟಾಗಿ ಇದ್ದ ಹೆಸರು) ಚೀಟಿಗಳು, 1963ರಲ್ಲಿ ದುಬೈಯದೇ ಚೀಟಿಗಳು, 1973ರಿಂದ ಸಂಯುಕ್ತ ಅರಬ್ ಸಂಸ್ಥಾನದ ಚೀಟಿಗಳು. ಒಂದೇ ಕುಟುಂಬದ ಮೂರು ತಲೆಮಾರಿನವರು ದುಬೈಯಿಂದ ಬರೆದ ಕಾಗದಗಳು ಒಂದೇ ಟ್ರಂಕಿನಲ್ಲಿ ಸಿಕ್ಕರೆ ಈ ಮಾರ್ಪಾಡುಗಳನ್ನೆಲ್ಲ ಚೀಟಿಯ ಸಾಲಿನಲ್ಲೇ ಓದಬಹುದು. ಏಡನ್ ಮತ್ತು ಬರ್ಮಾ 1937ರ ಮಾರ್ಚ್ 31ರವರೆಗೆ, ಸಿಂಗಾಪುರ 1867ರವರೆಗೆ ಭಾರತೀಯ ಚೀಟಿಗಳನ್ನೇ ಬಳಸುತ್ತಿದ್ದುದರಿಂದ ಅಲ್ಲಿಂದ ಬಂದ ಹಳೆಯ ಲಕೋಟೆಗಳಿಗೂ ಇದೇ ಮಾತು ಸಲ್ಲುತ್ತದೆ. ದೇಶವನ್ನು ಹೇಳುವುದು ಠಸ್ಸೆಯೇ ಹೊರತು ಚೀಟಿಯಲ್ಲ.

ಕುಂಬಳೆಯ ಲಕೋಟೆಯ ಹಿಂಬದಿಯ ಎರಡು ಠಸ್ಸೆಗಳ ತಾರೀಕುಗಳ ನಡುವಿನ ಅಂತರಕ್ಕೂ ಕಾರಣವಿದೆ. ಮುಂಬಯಿಯಿಂದ ಕಾಸರಗೋಡಿಗೆ ಇಂದು ಕೊಂಕಣ ರೈಲಿನಲ್ಲಿ ಒಂದು ಹಗಲು ರಾತ್ರಿಯೊಳಗೆ ಬರಬಹುದಾದರೂ ಆ ಹಳಿ ದೇಶಕ್ಕೆ ಸಮರ್ಪಣೆಯಾದದ್ದು 1998ರ ಜನವರಿ 26ರಂದು. ಅದಕ್ಕೆ ಮೊದಲು ಕರಾವಳಿಯ ನಮ್ಮ ಊರುಗಳಿಗಿದ್ದ ರೈಲು 1907ರಲ್ಲಿ ಮಂಗಳೂರು ತಲುಪಿದ, ಶೋರನೂರಿನಿಂದ ಬಡಗಣಕ್ಕೆ ಬರುವ ಹಳಿ. ಮುಂಬಯಿಯಿಂದ ರೈಲಿನಲ್ಲೇ ಬರಬೇಕಾದ ಚೀಲ ದಖ್ಖನಿನ ನಡುವಿನಿಂದ ಇಳಿದು, ಅರಕ್ಕೋಣಂ, ಜೋಲಾರಪೇಟೆ, ಶೋರನೂರುಗಳನ್ನು ಸುತ್ತಿ, ತೆಂಕಣದಿಂದ ನಮ್ಮಲ್ಲಿಗೆ ಬರಬೇಕಾಗಿತ್ತು. ಸಮುದ್ರದಾಚೆಯ ಹಾದಿಗಿಂತ ನೆಲದ ಮೇಲಿನ ಹಾದಿಯೇ ಹೆಚ್ಚು ದಿನ ತಿಂದ ಲಕೋಟೆಗಳು ನಮ್ಮ ಕಡೆ ಸಿಗುವುದು ಇದರಿಂದಲೇ.

ಇನ್ನು ಚೀಟಿಯೇ ಇಲ್ಲದ ಕಾಗದಗಳ ವಿಚಾರ. ಜಗತ್ತಿನ ಮೊದಲ ಅಂಟಿಸುವ ಚೀಟಿ ಬ್ರಿಟನ್ನಿನಲ್ಲಿ 1840ರ ಮೇ 6ರಿಂದ ಬಳಕೆಗೆ ಬಂತು. ಏಷ್ಯಾದ ಮೊದಲನೆಯದು 1852ರಲ್ಲಿ ಸಿಂಧ್ ಪ್ರಾಂತದಲ್ಲಿ. ಇಡೀ ಭಾರತಕ್ಕೆ ಸಲ್ಲುವ ಚೀಟಿಗಳು ಬಂದದ್ದು 1854ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ದೂರ ಮತ್ತು ತೂಕ ಎರಡನ್ನೂ ಲೆಕ್ಕ ಹಾಕಿ ನಗದಾಗಿ ಹಣ ತೆಗೆದುಕೊಳ್ಳುತ್ತಿದ್ದರು. ಕೊಟ್ಟಾಗಿದ್ದರೆ ‘ಪೇಯ್ಡ್’ ಎಂದೂ ಪಡೆಯುವವರು ಕೊಡಬೇಕಾಗಿದ್ದರೆ ‘ಬೇರಿಂಗ್’ ಎಂದೂ ಗುರುತು ಬೀಳುತ್ತಿತ್ತು. 1854ರ ಸುಧಾರಣೆಯಲ್ಲಿ ಕಾಲು ತೊಲ ತೂಕದ ಕಾಗದಕ್ಕೆ ದೇಶದೊಳಗೆ ದೂರವೆಷ್ಟಿದ್ದರೂ ಅರ್ಧ ಆಣೆ ಎಂದಾಯಿತು. ಬೇರಿಂಗ್ ಕಾಗದ ಮಾತ್ರ ಉಳಿದುಕೊಂಡಿತು, ಮತ್ತು ಚೀಟಿ ಹಚ್ಚದೆ ಕಳುಹಿಸಿದರೆ ಕೈಗೆ ತಪ್ಪದೆ ತಲುಪುತ್ತದೆ ಎಂಬ ನಂಬಿಕೆಯಿಂದ ಬೇಕೆಂದೇ ಬೇರಿಂಗ್ ಹಾಕುತ್ತಿದ್ದವರೂ ಇದ್ದರು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಸ್ವಿಟ್ಜರ್‌ಲೆಂಡಿಗೆ ಬರೆದ ಮೊದಲ ಎರಡು ದಶಕಗಳ ಕಾಗದಗಳು ಈ ಚೀಟಿಯಿಲ್ಲದ ಕಾಲಕ್ಕೆ ಸೇರಿದವು. ಮಿಶನ್ನಿನ ಪತ್ರವ್ಯವಹಾರವನ್ನು ಬಾಸೆಲ್ಲಿನ ಅದರ ದಫ್ತರಖಾನೆ ಇಂದಿಗೂ ಕಾಪಾಡಿಕೊಂಡು ಬಂದಿದೆ.

ಆ ಕಾಗದಗಳ ಕಾಲದಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಅಂಚೆ ಹೋಗಬೇಕಾದರೆ ಆ ಎರಡು ದೇಶಗಳ ನಡುವೆ ಒಪ್ಪಂದವಿರಬೇಕಾಗಿತ್ತು. ದಾರಿಯಲ್ಲಿ ಮೂರನೆಯ ದೇಶವಿದ್ದರೆ ಅದರ ಪಾಲು ಬೇರೆ. ಲಕೋಟೆಯ ಮುಖದ ಮೇಲೆ ಕೆಂಪು ಕಪ್ಪು ಶಾಯಿಯಲ್ಲಿ ಹೊಡೆದುಹಾಕಿ ಬರೆದ ಅಂಕೆಗಳೆಲ್ಲ ಈ ಪಾಲುಗಾರಿಕೆಯ ಲೆಕ್ಕ. ಈ ತೊಡಕನ್ನು ಬಿಡಿಸಲು 1874ರ ಅಕ್ಟೋಬರ್ 9ರಂದು ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಮಾಡಿಕೊಂಡ ಒಪ್ಪಂದದಿಂದ ಇಂದಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿತು. ಭಾರತ 1876ರಲ್ಲಿ ಅದಕ್ಕೆ ಸೇರಿತು. ಅದರಿಂದಾಚೆಗೆ ಕಳುಹಿಸುವ ದೇಶದ ಚೀಟಿಯೊಂದೇ ಜಗತ್ತಿನ ಉದ್ದಗಲಕ್ಕೆ ಸಾಕಾಯಿತು, ಹಣವನ್ನು ಆ ದೇಶವೇ ಇಟ್ಟುಕೊಳ್ಳತೊಡಗಿತು. ಸಂಗ್ರಾಹಕರಿಗೆ ಇದರಿಂದ ಆದ ಅನುಕೂಲವೆಂದರೆ ಗುರುತುಗಳು ಎಲ್ಲೆಡೆ ಒಂದೇ ಬಗೆಯವಾದವು. ಒಕ್ಕೂಟದ ವ್ಯವಹಾರ ಫ್ರೆಂಚಿನಲ್ಲಿ ನಡೆಯುತ್ತಿದ್ದುದರಿಂದ ವಿಮಾನದ ಕಾಗದಕ್ಕೆ ‘ಪಾರ್ ಆವಿಯೋಂ’ ಎಂಬ ನೀಲಿ ಪಟ್ಟಿ, ಹಡಗಿನ ಮೇಲೇ ಅಂಚೆಗೆ ಹಾಕಿದ ಕಾಗದಕ್ಕೆ ‘ಪಾಕೆಬೋ’ ಎಂಬ ಠಸ್ಸೆ, ಚೀಟಿ ಸಾಲದೆ ಬಂದದ್ದಕ್ಕೆ ರೋಮನ್ ಲಿಪಿಯ ‘ಟಿ’ ಅಕ್ಷರದ ಗುರುತು. ಕೊರತೆಯ ಇಮ್ಮಡಿಯನ್ನು ಪಡೆಯುವವರಿಂದ ವಸೂಲು ಮಾಡುವುದು ವಾಡಿಕೆಯಾಗಿತ್ತು. ಗಲ್ಫಿನಿಂದ ಬಂದ ಲಕೋಟೆಯ ಮೇಲೆ ‘ಟಿ’ ಇದ್ದು, ಪಕ್ಕದಲ್ಲಿ ನಮ್ಮ ಅಂಚೆಯವರು ಪೈಸೆಯ ಲೆಕ್ಕ ಬರೆದಿದ್ದರೆ, ಊರಿನ ಮನೆಯವರು ಅಂಚೆಯಣ್ಣನಿಗೆ ಹಣ ಎಣಿಸಿಕೊಟ್ಟೇ ಅದನ್ನು ಬಿಡಿಸಿಕೊಂಡಿದ್ದಾರೆಂದು ತಿಳಿಯಬೇಕು.

ದರವನ್ನು ಪರಿಶೀಲಿಸುವುದು ಈ ಹವ್ಯಾಸದ ಬೆನ್ನೆಲುಬು. ಕೇಳಲು ಒಣ ವಿಷಯ, ಮಾಡತೊಡಗಿದರೆ ಬಿಡಲಾಗದ್ದು. 1898ರ ಡಿಸೆಂಬರ್ 25ರಿಂದ ಭಾರತದಿಂದ ಬ್ರಿಟನ್ನಿಗೆ ಅರ್ಧ ಔನ್ಸಿನ ಕಾಗದಕ್ಕೆ ಒಂದು ಆಣೆಯ ದರ ಬಂತು. ಆ ದಿನದ ಆಚೆ ಈಚೆ ಬರೆದ ಎರಡು ಲಕೋಟೆಗಳನ್ನು ಜೋಡಿಸಿಟ್ಟರೆ ಚೀಟಿಯ ಬೆಲೆಯಲ್ಲೇ ಮಾರ್ಪಾಡು ಕಾಣುತ್ತದೆ. ಹಳೆಯ ದರಗಳು ಅಂಚೆ ಇಲಾಖೆ ಪ್ರಕಟಿಸುತ್ತಿದ್ದ ಪೋಸ್ಟ್ ಆಫೀಸ್ ಗೈಡುಗಳಲ್ಲಿ ಸಿಗುತ್ತವೆ. ಲಕೋಟೆಯ ಮೇಲಿನ ಚೀಟಿಗಳ ಒಟ್ಟು ಬೆಲೆ ಆ ಕಾಲದ ದರಕ್ಕೆ ಹೊಂದದಿದ್ದರೆ ಏನಾದರೂ ಕಾರಣವಿರಲೇಬೇಕು: ರಿಜಿಸ್ಟರು ಮಾಡಿರಬಹುದು, ತೂಕ ಹೆಚ್ಚಾಗಿರಬಹುದು, ಒಂದು ಚೀಟಿ ಉದುರಿರಬಹುದು, ಅಥವಾ ಯಾರೋ ಆಮೇಲೆ ಅಂಟಿಸಿರಬಹುದು.

ದಾರಿಗಳ ಕಥೆ ಇದಕ್ಕಿಂತ ಸರಳ. ಗುಡ್‌ಹೋಪ್ ಭೂಶಿರವನ್ನು ಸುತ್ತಿ ಯುರೋಪಿಗೆ ಹೋಗಲು ಕಾಗದಕ್ಕೆ ಹಲವು ತಿಂಗಳು ಹಿಡಿಯುತ್ತಿತ್ತು. 1830ರ ದಶಕದಲ್ಲಿ ಥಾಮಸ್ ವ್ಯಾಗ್‌ಹಾರ್ನ್ ಎಂಬಾತ ಸೂಯೆಜ್‌ನಲ್ಲಿ ಇಳಿಸಿ, ಈಜಿಪ್ಟಿನ ನೆಲದ ಮೇಲೆ ಸಾಗಿಸಿ, ಅಲೆಕ್ಸಾಂಡ್ರಿಯದಲ್ಲಿ ಮತ್ತೆ ಹಡಗಿಗೆ ಏರಿಸುವ ಹಾದಿಗಾಗಿ ಓಡಾಡಿದ. ಆತನ ಹೆಸರಿನ ಠಸ್ಸೆಯಿರುವ ಕಾಗದಗಳನ್ನು ಸಂಗ್ರಾಹಕರು ಇಂದು ಹುಡುಕಿಕೊಂಡು ಹೋಗುತ್ತಾರೆ. ಅಂದು ಪೂರ್ವದಿಂದ ಬರುವ ಕಾಗದಗಳನ್ನು ಪಿಡುಗಿನ ಭಯದಿಂದ ಮಾಲ್ಟಾ ದ್ವೀಪದಲ್ಲಿ ಸೀಳಿ, ಹೊಗೆ ಹಾಕಿ ಶುದ್ಧಗೊಳಿಸುತ್ತಿದ್ದರು. ಅಂಥ ಕಾಗದಗಳ ಮೇಲೆ ಉಳಿಯಿಂದ ಕೊಯ್ದಂಥ ಸಣ್ಣ ಸೀಳುಗಳಿರುತ್ತವೆ. ಸೂಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೆ ಈ ಹತ್ತಿಳಿಸುವ ಕೆಲಸ ಕ್ರಮೇಣ ಮುಗಿಯಿತು.

ವಿಮಾನದಲ್ಲಿ ಅಂಚೆ ಸಾಗಿಸುವ ಪ್ರಯೋಗ ಭಾರತದಲ್ಲೇ ಬಹಳ ಬೇಗ ನಡೆಯಿತು. 1911ರ ಫೆಬ್ರುವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದಿಂದ ಯಮುನೆಯಾಚೆಯ ನೈನಿಗೆ ಆಂರಿ ಪೆಕೆ ಎಂಬ ಫ್ರೆಂಚ್ ವೈಮಾನಿಕ ಸುಮಾರು 6,500 ಕಾಗದಗಳನ್ನು ಒಯ್ದ. ನಿಯತವಾದ ಸೇವೆಗೆ ಇನ್ನೂ ಎರಡು ದಶಕ ಕಾಯಬೇಕಾಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ತಂದ ಅಂಚೆಯನ್ನು ಅಲ್ಲಿಂದ ನೆವಿಲ್ ವಿನ್ಸೆಂಟ್ ಮದರಾಸಿಗೆ ಕೊಂಡೊಯ್ದ, ಮತ್ತು ಆ ಹಾದಿಯಲ್ಲಿ ವಿಮಾನ ಇಳಿದ ಊರು ಬಳ್ಳಾರಿ. ಅಂದಿನ ನಮ್ಮ ಜಿಲ್ಲೆಯೂ ಬಳ್ಳಾರಿಯೂ ಒಂದೇ ಮದರಾಸು ಪ್ರಾಂತದಲ್ಲಿದ್ದವೆಂಬುದು ಬೇರೆ ಮಾತು. ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ 1950ರ ನವೆಂಬರ್ 3ರಂದೂ ‘ಕಾಂಚನಜುಂಗ’ 1966ರ ಜನವರಿ 24ರಂದೂ ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತಕ್ಕೆ ಅಪ್ಪಳಿಸಿದವು. ಎರಡನೆಯದರಲ್ಲಿದ್ದ ನಮ್ಮ ವಿದೇಶಾಂಗ ಇಲಾಖೆಯ ಒಂದು ಅಂಚೆಚೀಲ 2012ರಲ್ಲಿ ಹಿಮನದಿಯಿಂದ ಹೊರಬಂದು ದೊರಕಿತು. ಇಂಥ ಅಪಘಾತಗಳಲ್ಲಿ ಉಳಿದ, ನೆನೆದ, ಸುಟ್ಟ ಲಕೋಟೆಗಳನ್ನು ಸಂಗ್ರಹಿಸುವ ಒಂದು ಪಂಗಡವೇ ಇದೆ. ನನಗೆ ಆ ಕಡೆ ಒಲವಿಲ್ಲ.

ಗಲ್ಫಿಗೆ ಹೋದವರ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ತಿಳಿನೀಲಿಯ ಏರೋಗ್ರಾಮ್. ಹಾಳೆಯೇ ಲಕೋಟೆಯಾಗುವಂತೆ ಮಡಚುವ ಈ ಹಗುರ ಕಾಗದವನ್ನು 1933ರಲ್ಲಿ ಮೊದಲು ಬಳಕೆಗೆ ತಂದದ್ದು ಇರಾಕಿನ ಅಂಚೆಯ ಮುಖ್ಯಸ್ಥನಾಗಿದ್ದ ಡಗ್ಲಸ್ ಗಂಬ್ಲೆ. ಒಳಗೆ ಏನನ್ನೂ ಇಡಕೂಡದೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಮಾರುಕಟ್ಟೆಯಲ್ಲಿ ಇವಕ್ಕೆ ಸದ್ಯ ದೊಡ್ಡ ಬೆಲೆಯಿಲ್ಲ, ಆದ್ದರಿಂದಲೇ ಅವು ಬೇಗ ಒಲೆಗೆ ಹೋಗುತ್ತಿವೆ. ಊರಿಗೆ ಮರಳುವವರ ಕೈಯಲ್ಲಿ ಕೊಟ್ಟು ಮುಂಬಯಿಯಲ್ಲಿ ಅಂಚೆಗೆ ಹಾಕಿಸಿದ ಕಾಗದಗಳೂ ಹೇರಳ. ಅವುಗಳ ಹೊರಗೆ ಭಾರತದ ಚೀಟಿ, ಮುಂಬಯಿಯ ಠಸ್ಸೆ. ಒಳಗಿನ ಹಾಳೆಯ ತಲೆಯಲ್ಲಿ ‘ಅಬುಧಾಬಿ’ ಎಂದು ಊರು, ತಾರೀಕು. ಹಾಳೆ ಮತ್ತು ಲಕೋಟೆಯನ್ನು ಬೇರೆ ಬೇರೆ ಮಾಡಿದರೆ ಇಂಥ ಕಾಗದ ಎಲ್ಲಿಂದ ಹೊರಟಿತೆಂಬುದೇ ತಿಳಿಯದು.

ನಮ್ಮ ಸೀಮೆಯ ಲಕೋಟೆಗಳಲ್ಲಿ ಚೀಟಿಗಿಂತ ಹೆಚ್ಚು ಮಾತಾಡುವುದು ವಿಳಾಸದ ಕೊನೆಯ ಎರಡು ಸಾಲುಗಳು. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಆದ್ದರಿಂದ ‘ಎಸ್. ಕೆನರಾ’ ಅಥವಾ ‘ಎಸ್.ಕೆ.’ ಎಂದು ಬರೆಯುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ, ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ 1957ರಿಂದ ‘ಕಣ್ಣಾನೂರು ಜಿಲ್ಲೆ’ ಎಂಬ ಸಾಲು ಬಂತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು. ಸರಕಾರದ ಆದೇಶ ಒಂದೇ ದಿನ ಜಾರಿಗೆ ಬಂದರೂ ಜನರ ಕೈ ಹಾಗೆ ತಿರುಗಲಿಲ್ಲ: 1960ರ ದಶಕದ ನಡುಭಾಗದಲ್ಲೂ ಪರದೇಶದಿಂದ ‘ಎಸ್. ಕೆನರಾ’ ಎಂದೇ ಬರೆದ ಲಕೋಟೆಗಳು ಸಿಗುತ್ತವೆ. ‘ವಯಾ ಮಂಗಳೂರು’ ಎಂದು ಬರೆದವು ಅದಕ್ಕೂ ಬಹಳ ಕಾಲದ ವರೆಗೆ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ವಿಲೀನದ ಚಳವಳಿ, ಸಭೆ, ಮನವಿಗಳ ಬಗ್ಗೆ ನಮ್ಮಲ್ಲಿ ಬರಹಗಳು ಸಾಕಷ್ಟಿವೆ. ಊರುಬಿಟ್ಟು ಹೋದ ಸಾಮಾನ್ಯ ಜನರು ತಮ್ಮ ಊರು ಎಲ್ಲಿದೆಯೆಂದು ತಿಳಿದಿದ್ದರು ಎಂಬುದಕ್ಕೆ ಈ ವಿಳಾಸಗಳಿಗಿಂತ ನೇರವಾದ ದಾಖಲೆ ನನಗೆ ಕಾಣುವುದಿಲ್ಲ. ಅವರು ವಾದ ಮಾಡುತ್ತಿರಲಿಲ್ಲ, ಕಾಗದ ಮುಟ್ಟಲೆಂದು ಬರೆಯುತ್ತಿದ್ದರು.

ವಿಳಾಸದ ಈ ಸಾಲುಗಳು ಕಾಲವನ್ನು ಗುರುತಿಸಲೂ ನೆರವಾಗುತ್ತವೆ. ಪಿನ್‌ಕೋಡು ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 671ರಿಂದ ಮೊದಲಾಗುವ ಸಂಖ್ಯೆ ಲಕೋಟೆಯ ಮೇಲಿದ್ದರೆ ಅದು ಆ ದಿನಕ್ಕಿಂತ ಹಳೆಯದಾಗಿರಲಾರದು. ಠಸ್ಸೆ ಅಳಿಸಿಹೋದ ಲಕೋಟೆಗಳ ಕಾಲವನ್ನು ಜಿಲ್ಲೆಯ ಹೆಸರು, ಪಿನ್‌ಕೋಡು, ಚೀಟಿಯಲ್ಲಿರುವುದು ಆಣೆಯೋ ಪೈಸೆಯೋ ಎಂಬ ಮೂರು ಸುಳಿವುಗಳಿಂದ ಹತ್ತು ಹದಿನೈದು ವರ್ಷಗಳ ಒಳಗೆ ತಂದು ನಿಲ್ಲಿಸಬಹುದು. ಕೊಕ್ಕೆಕಂಬಿಯಲ್ಲಿ ಸಿಕ್ಕ ಕಾಗದಗಳಾದರೆ ಇನ್ನೂ ಸುಲಭ: ತಳದ್ದು ಹಳೆಯದು, ಮೇಲಿನದು ಹೊಸದು. ಬಿಡಿಸುವ ಮೊದಲು ಆ ಕ್ರಮವನ್ನು ಬರೆದಿಟ್ಟುಕೊಳ್ಳಬೇಕು.

ಯುದ್ಧಕಾಲದ ಲಕೋಟೆಗಳನ್ನು ಗುರುತಿಸುವುದು ಕಷ್ಟವಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೊರದೇಶದ ಕಾಗದಗಳನ್ನು ಒಂದು ಅಂಚಿನಲ್ಲಿ ಕೊಯ್ದು ಓದಿ, ‘ಓಪನ್ಡ್ ಬೈ ಎಕ್ಸಾಮಿನರ್’ ಎಂದು ಅಚ್ಚಾದ ಪಟ್ಟಿಯಿಂದ ಮತ್ತೆ ಮುಚ್ಚುತ್ತಿದ್ದರು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾದಾಗ ಅಲ್ಲಿಗೆ ಬರೆದ ಕಾಗದಗಳು ಸೇವೆ ನಿಂತಿದೆಯೆಂಬ ಠಸ್ಸೆಯೊಂದಿಗೆ ಬರೆದವರಿಗೇ ಮರಳಿದವು. ಎಕ್ಸಾಮಿನರ್ ಪಟ್ಟಿಯನ್ನು ಕೊಳೆಯೆಂದು ಕಿತ್ತು ಶುಚಿ ಮಾಡುವವರಿದ್ದಾರೆ. ಕಿತ್ತರೆ ಲಕೋಟೆಯ ಅರ್ಥವೇ ಹೋಯಿತು.

ಹಣ ಕೊಟ್ಟು ಕೊಳ್ಳುವವರು ಎಚ್ಚರದಿಂದಿರಬೇಕಾದ ಸಂಗತಿಗಳು ಕೆಲವು ಇವೆ. ಮೊದಲನೆಯದಾಗಿ, ನಿಜವಾಗಿ ಪ್ರಯಾಣ ಮಾಡಿದ ಲಕೋಟೆಗೂ ಸಂಗ್ರಾಹಕರಿಗೆಂದೇ ತಯಾರಿಸಿದ ಲಕೋಟೆಗೂ ಅಂತರವಿದೆ. ಹೊಸ ಚೀಟಿ ಹೊರಬಂದ ದಿನವೇ ಅದನ್ನು ಹಚ್ಚಿ ಠಸ್ಸೆ ಹೊಡೆಸಿದ ‘ಮೊದಲ ದಿನದ ಲಕೋಟೆ’ಗಳು ಚಂದವಾಗಿರುತ್ತವೆಯಾದರೂ ಅವುಗಳಲ್ಲಿ ಹೆಚ್ಚಿನವು ಅಂಚೆ ಕಚೇರಿಯ ಕೌಂಟರಿನಿಂದ ಆಚೆಗೆ ಹೋದವಲ್ಲ. 1960ರ ದಶಕದಲ್ಲಿ ಅಜ್ಮಾನ್, ಫುಜೈರಾ, ಶಾರ್ಜಾ ಮೊದಲಾದ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ ಬಾಹ್ಯಾಕಾಶ, ಚಿಟ್ಟೆ, ವರ್ಣಚಿತ್ರಗಳ ಬಣ್ಣಬಣ್ಣದ ಚೀಟಿಗಳು ರಾಶಿರಾಶಿಯಾಗಿ ಬಂದವು. ಅವುಗಳಿಗೆ ಮುದ್ರಣದ ಹೊತ್ತಿಗೇ ಠಸ್ಸೆ ಹೊಡೆದು ಸಂಗ್ರಾಹಕರಿಗೆ ಮಾರುತ್ತಿದ್ದರು. ಅಂಥ ಚೀಟಿ ಅಂಟಿಸಿ, ಕೂಲಿಗೆ ಹೋದವನೊಬ್ಬ ಮನೆಗೆ ಬರೆದ, ಊರಿನ ಠಸ್ಸೆ ಬಿದ್ದ ಲಕೋಟೆ ಸಿಕ್ಕರೆ ಅದು ನಿಜಕ್ಕೂ ಅಪರೂಪದ್ದು.

ಎರಡನೆಯದು ನಕಲಿ. ಚೀಟಿಯಿಲ್ಲದ ಹಳೆಯ ಕಾಗದಕ್ಕೆ ಹಳೆಯ ಚೀಟಿ ಅಂಟಿಸಿ, ಸುಳ್ಳು ಠಸ್ಸೆ ಹೊಡೆದು ಬೆಲೆ ಏರಿಸುವುದು ಹಳೆಯ ವಿದ್ಯೆ. ಠಸ್ಸೆಯ ವೃತ್ತ ಚೀಟಿಯಿಂದ ಲಕೋಟೆಯ ಮೇಲಕ್ಕೆ ಮುರಿಯದೆ ಹರಿದಿದೆಯೇ, ಶಾಯಿ ಎರಡು ಕಡೆಯೂ ಒಂದೇ ಬಗೆಯದೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಅದಕ್ಕಿಂತಲೂ ನಂಬಿಕೆಗೆ ಅರ್ಹವಾದ ಪರೀಕ್ಷೆ ತಾರೀಕುಗಳದ್ದು. ಹೊರಟ, ದಾಟಿದ, ತಲುಪಿದ ತಾರೀಕುಗಳು ಒಂದರ ಹಿಂದೊಂದು ಬರಬೇಕು. ಚೀಟಿ ಹೊರಬಂದ ವರ್ಷಕ್ಕಿಂತ ಮೊದಲಿನ ಠಸ್ಸೆ ಅದರ ಮೇಲಿರಕೂಡದು. 1930ರ ಲಕೋಟೆಯ ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆದಿರಕೂಡದು. 1968ರ ಠಸ್ಸೆಯ ಪಕ್ಕದಲ್ಲಿ ಪಿನ್‌ಕೋಡು, 1975ರ ಠಸ್ಸೆಯ ಪಕ್ಕದಲ್ಲಿ ‘ಕಾಸರಗೋಡು ಜಿಲ್ಲೆ’ ಇರಕೂಡದು. ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದಕ್ಕೆ ಬಿಳುಪುಕಾರಕ ಬೆರೆಸಿದ್ದಾರೆಂದು ಅರ್ಥ, ಮತ್ತು ಅಂಥ ಕಾಗದ ಸಾಮಾನ್ಯವಾಗಿ 1950ರಿಂದ ಈಚಿನದು. ದೊಡ್ಡ ಮೊತ್ತದ ವ್ಯವಹಾರವಾದರೆ ತಜ್ಞರ ಪ್ರಮಾಣಪತ್ರವಿಲ್ಲದೆ ಕೊಳ್ಳದಿರುವುದು ಒಳ್ಳೆಯದು. 1869ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿ ಅಂಥ ಪರೀಕ್ಷೆಗೆ ಹೆಸರಾದದ್ದು.

ಕಾಪಾಡುವ ವಿಚಾರದಲ್ಲಿ ಹೊರಗಿನ ಪುಸ್ತಕಗಳ ಸಲಹೆಯನ್ನು ನಮ್ಮ ಹವೆಗೆ ತಕ್ಕಂತೆ ತಿದ್ದಿಕೊಳ್ಳಬೇಕಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕಾಗದ ನೀರು ಕುಡಿದಂತೆ ಮೆತ್ತಗಾಗುತ್ತದೆ. ಚೀಟಿಯ ಹಿಂದಿನ ಗೋಂದು ಮತ್ತೆ ಅಂಟಾಗಿ ಪಕ್ಕದ ಲಕೋಟೆಗೆ ಹಿಡಿಯುತ್ತದೆ, ಕಂದುಚುಕ್ಕೆಗಳು ಮೂಡುತ್ತವೆ, ಬೂಷ್ಟು ಬರುತ್ತದೆ. ಆ ತಿಂಗಳುಗಳಲ್ಲಿ ಪೆಟ್ಟಿಗೆಯನ್ನು ಪದೇ ಪದೇ ತೆರೆಯದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಟ್ಟು, ಮಳೆ ಬಿಟ್ಟ ಮೇಲೆ ನೆರಳಿನ ಗಾಳಿಗೆ ಹರಡುವುದು ಲೇಸು. ಬಿಸಿಲಿಗೆ ಒಣಹಾಕಿದರೆ ಶಾಯಿ ಮಾಸುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆಯ ಪಿವಿಸಿ ಹಾಳೆಗಳು ಕಾಲಕ್ರಮೇಣ ಜಿಡ್ಡು ಬಿಟ್ಟು ಚೀಟಿಯ ಬಣ್ಣವನ್ನು ಕೆಡಿಸುತ್ತವೆ. ಪಾಲಿಯೆಸ್ಟರ್ ಹಾಳೆಗಳೇ ಆಗಬೇಕು. ನುಸಿಗುಳಿಗೆ ಕಾಗದಕ್ಕೆ ತಾಗಬಾರದು. ತುಕ್ಕು ಹಿಡಿದ ಗುಂಡುಪಿನ್ನನ್ನು ಮಾತ್ರ ಮೆಲ್ಲನೆ ತೆಗೆಯಬೇಕು, ಉಳಿದಂತೆ ಸೆಲ್ಲೋಟೇಪು, ಅಂಟು, ಇಸ್ತ್ರಿ ಯಾವುದೂ ಬೇಡ. ಲ್ಯಾಮಿನೇಶನ್ ಮಾಡಿಸಿದ ಲಕೋಟೆಯನ್ನಂತೂ ಯಾರೂ ಸರಿಪಡಿಸಲಾರರು, ಮತ್ತು ಅಜ್ಜನ ಕಾಗದ ಹಾಳಾಗಬಾರದೆಂಬ ಪ್ರೀತಿಯಿಂದಲೇ ಜನರು ಅದನ್ನು ಮಾಡಿಸುತ್ತಾರೆಂಬುದು ಬೇಸರದ ಸಂಗತಿ.

ಹೊಸದಾಗಿ ತೊಡಗುವವರು ಜಗತ್ತಿನ ಎಲ್ಲ ದೇಶಗಳ ಲಕೋಟೆಗಳನ್ನೂ ಕೂಡಿಹಾಕಲು ಹೊರಟರೆ ಕೈಗೆ ರಾಶಿ ಸಿಗುತ್ತದೆ, ಕಥೆ ಸಿಗುವುದಿಲ್ಲ. ಒಂದು ಊರಿಗೆ ಬಂದ ಕಾಗದಗಳು, ಒಂದು ಹಾದಿಯಲ್ಲಿ ಬಂದವು, ಒಂದು ದರದ ಕಾಲದವು ಎಂದು ಸಣ್ಣ ಎಲ್ಲೆ ಹಾಕಿಕೊಳ್ಳಬೇಕು. ಬಹರೈನಿನಿಂದ ಹಳೆಯ ಕಾಸರಗೋಡು ತಾಲೂಕಿಗೆ 1948ರಿಂದ 1966ರವರೆಗೆ ಬಂದ ಕಾಗದಗಳು ಎಂಬಷ್ಟು ಕಿರಿದಾದ ವಿಷಯವೂ ಹಲವು ವರ್ಷಗಳ ಕೆಲಸಕ್ಕೆ ಸಾಕು. ಪ್ರತಿಯೊಂದು ಲಕೋಟೆಗೂ ಬೇರೆ ಹಾಳೆಯೊಂದರಲ್ಲಿ ಅದು ಸಿಕ್ಕಿದ ಊರು, ಜೊತೆಗಿದ್ದ ಕಾಗದಗಳು, ಠಸ್ಸೆಗಳ ತಾರೀಕು, ದರ ಬರೆದಿಡಬೇಕು. ಲಕೋಟೆಯ ಮೇಲೆ ಪೆನ್ಸಿಲಿನಲ್ಲೂ ಏನನ್ನೂ ಬರೆಯಬಾರದು. ನೂರು ವರ್ಷ ದಾಟಿದ ವಸ್ತುಗಳನ್ನೂ, ಚಾರಿತ್ರಿಕ ಮೌಲ್ಯವಿದ್ದು ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿ ಮತ್ತು ದಾಖಲೆಗಳನ್ನೂ ದೇಶದಿಂದ ಹೊರಗೆ ಕಳುಹಿಸುವುದಕ್ಕೆ 1972ರ ಪ್ರಾಚ್ಯವಸ್ತು ಕಾನೂನಿನ ನಿರ್ಬಂಧವಿರುವುದರಿಂದ, ಹೊರದೇಶದ ಸಂಗ್ರಾಹಕರೊಂದಿಗೆ ವಿನಿಮಯಕ್ಕೆ ಇಳಿಯುವ ಮೊದಲು ವಿಚಾರಿಸಿಕೊಳ್ಳಬೇಕು.

ಒಳಗಿನ ಹಾಳೆಯನ್ನು ಓದುವ ವಿಷಯದಲ್ಲಿ ನನ್ನದೊಂದು ನಿಲುವಿದೆ. ಸಾಲ, ಸಂಬಂಧ, ಕಾಯಿಲೆ, ಪಾಲುಪಟ್ಟಿಯ ಜಗಳಗಳೆಲ್ಲ ಈ ಕಾಗದಗಳಲ್ಲಿ ಇರುತ್ತವೆ, ಮತ್ತು ಅವುಗಳನ್ನು ಬರೆದವರ ಮಕ್ಕಳು ಮೊಮ್ಮಕ್ಕಳು ಇದೇ ಪೇಟೆಯಲ್ಲಿ ಓಡಾಡುತ್ತಿರುತ್ತಾರೆ. ಗುಜರಿಯಲ್ಲಿ ತೂಕಕ್ಕೆ ಕೊಂಡ ಮಾತ್ರಕ್ಕೆ ಆ ಸಂಗತಿಗಳು ನಮ್ಮವಾಗುವುದಿಲ್ಲ. ತಾರೀಕು, ಊರು, ಕಾಗದ ಯಾರ ಕೈಯಲ್ಲಿ ಬಂತೆಂಬ ಮಾಹಿತಿಯನ್ನು ಗುರುತು ಹಾಕಿಕೊಂಡು ಹಾಳೆಯನ್ನು ಲಕೋಟೆಯೊಳಗೇ ಇಡುವುದು, ಪ್ರದರ್ಶನಕ್ಕೆ ಹೊರಬದಿಯನ್ನು ಮಾತ್ರ ಒಯ್ಯುವುದು, ಹೆಸರು ಕಾಣುವಂತಿದ್ದರೆ ಮನೆಯವರನ್ನು ಹುಡುಕಿ ಕೇಳಿಯೇ ತೋರಿಸುವುದು ನಾನು ಪಾಲಿಸುವ ಕ್ರಮ. ಕೇಳಲು ಹೋದಾಗ ಕೆಲವರು ಕಾಗದವನ್ನು ಮರಳಿ ಪಡೆಯುತ್ತಾರೆ. ಇನ್ನು ಕೆಲವರು ಒಳಗೆ ಹೋಗಿ, ಅದೇ ಕಟ್ಟಿನ ಉಳಿದ ಕಾಗದಗಳನ್ನು ತಂದು ಮುಂದಿಡುತ್ತಾರೆ.